ಹಳೇ ಜಾಹೀರಾತು ಚಿತ್ರಗಳಿಂದ ಕಲಿಯೋದು ಹೇಗೆ, ಬರೀ ನಕಲು ಆಗದ ಹಾಗೆ?

ನಿಮ್ಮ ಪ್ರಶ್ನೆ ಇಷ್ಟು: 1900ರಿಂದ 1950ರವರೆಗಿನ ಪೋಸ್ಟರ್, ಮ್ಯಾಗಜೀನ್ ಕವರ್, ಜಾಹೀರಾತು ಚಿತ್ರಗಳು ತುಂಬಾ ಇಷ್ಟ, ನೋಡ್ಕೊಂಡು ಬಿಡಿಸ್ತೀನಿ, ಆದ್ರೆ ಎಲ್ಲಾ 'ರೆಟ್ರೋ ಸ್ಟೈಲ್' ಅಂತ ಕಾಣುತ್ತೆ, ನಂದು ಅನ್ಸಲ್ಲ. ನಾನೂ ಇಲಸ್ಟ್ರೇಷನ್ ಕೆಲಸಾನೇ ಮಾಡೋದು, ಈ ಚಿತ್ರಗಳು ಅಂದ್ರೆ ನನಗೆ ಪ್ರಾಣ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದಲು ನಿಮಗೆ ಇಷ್ಟ ಆಗ್ತಿರೋದ್ರಲ್ಲಿ ಕಲಾವಿದ ಮಾಡಿದ್ದೆಷ್ಟು, ಪ್ರಿಂಟಿಂಗ್ ಮಷೀನ್ ಮಾಡಿದ್ದೆಷ್ಟು, ಕಾಲ ಮಾಡಿದ್ದೆಷ್ಟು ಅಂತ ಬೇರ್ಪಡಿಸಿ ನೋಡಿ. ಹಳದಿ ತಿರುಗಿದ ಕಾಗದ, ಮಾಸಿದ ಕೆಂಪು, ಗೆರೆಯಿಂದ ಸ್ವಲ್ಪ ಜರುಗಿ ಕೂತಿರೋ ಬಣ್ಣ, ಹಾಫ್‌ಟೋನ್ ಚುಕ್ಕೆಗಳು (ಪ್ರಿಂಟ್‌ನಲ್ಲಿ ತಿಳಿ-ಗಾಢ ಛಾಯೆ ತೋರಿಸೋ ಸಣ್ಣ ಚುಕ್ಕೆಗಳು), ಇವನ್ನ ಆ ಕಲಾವಿದರಲ್ಲಿ ಹೆಚ್ಚಿನವರು ಬಿಡಿಸಿದ್ದೇ ಅಲ್ಲ. ಮ್ಯಾಗಜೀನ್ ಕವರ್‌ಗಳ ಒರಿಜಿನಲ್ ಪೇಂಟಿಂಗ್‌ನ ಒಳ್ಳೆ ಸ್ಕ್ಯಾನ್ ಸಿಕ್ರೆ ನೋಡಿ, ಅಲ್ಲಿ ಚುಕ್ಕೆ ಇರಲ್ಲ, ಬ್ರಷ್ ಓಡಿದ ಗುರುತು ಇರುತ್ತೆ. ನಾವು ಈಗ ಟೆಕ್ಸ್ಚರ್ ಬ್ರಷ್ ಡೌನ್‌ಲೋಡ್ ಮಾಡಿ ಚುಕ್ಕೆ, ಕಲೆ, ಹಳದಿ ಎಲ್ಲಾ ಮೇಲೆ ಹಚ್ತೀವಿ, ಅದು ಆ ಕಾಲದ ಕಾಗದದ ನಕಲು ಆಗುತ್ತೆ, ಆ ಕಾಲದ ಬುದ್ಧಿ ಅದ್ರಲ್ಲಿ ಬರೋದೇ ಇಲ್ಲ.

ನಾನು ಕಂಡುಕೊಂಡಿದ್ದು ಏನಂದ್ರೆ, ಆ ಚಿತ್ರಗಳಲ್ಲಿ ನಾವು 'ಸ್ಟೈಲ್' ಅನ್ನೋದು ಬಹಳ ಸಲ ಒಂದು ಕಷ್ಟಕ್ಕೆ ಅವರು ಹುಡುಕಿಕೊಂಡ ಉತ್ತರ. ದುಡ್ಡು ಕೊಡೋನು ಇದ್ದಾನೆ, ನಾಳೆ ಪ್ರೆಸ್‌ಗೆ ಹೋಗ್ಬೇಕು, ಬಣ್ಣ ಎರಡೇ, ನೋಡೋನು ನಡ್ಕೊಂಡು ಹೋಗ್ತಿದಾನೆ. ಉತ್ತರ ಎತ್ತಿಕೊಂಡ್ರೆ ನಕಲು. ಕಷ್ಟ ಏನಿತ್ತು ಅಂತ ಹಿಡ್ಕೊಂಡು ನಿಮ್ಮ ಕೆಲಸದಲ್ಲಿ ಅದೇ ಕಷ್ಟ ಎಲ್ಲಿದೆ ಅಂತ ಹುಡುಕಿದ್ರೆ ಬೇರೇನೇ ಚಿತ್ರ ಹುಟ್ಟುತ್ತೆ.

ಕೋಲ್ಸ್ ಫಿಲಿಪ್ಸ್ ಅಂತ ಒಬ್ಬ ಅಮೆರಿಕನ್ ಇಲಸ್ಟ್ರೇಟರ್ ಇದ್ದ. 1908ರಲ್ಲಿ ಲೈಫ್ ಮ್ಯಾಗಜೀನ್ ಕವರ್‌ಗೆ 'ಫೇಡ್‌ಅವೇ ಗರ್ಲ್' ಚಿತ್ರಗಳನ್ನ ಶುರು ಮಾಡಿದ, ಆಮೇಲೆ ಬೆಳ್ಳಿ ಚಮಚ, ಸಾಕ್ಸ್ ಜಾಹೀರಾತಿಗೂ ಕೆಲಸ ಮಾಡಿದ. ಅವನ ಹುಡುಗಿ ಹಾಕಿರೋ ಡ್ರೆಸ್ಸಿನ ಬಣ್ಣಾನೂ ಹಿಂದಿನ ಬಣ್ಣಾನೂ ಒಂದೇ, ನಡುವೆ ಔಟ್‌ಲೈನ್ ಇಲ್ಲ. ಮುಖ, ಕೈ, ಶೂ, ಬಟ್ಟೆ ಮೇಲಿನ ಡಿಸೈನ್ ಇಷ್ಟೇ ಕಾಣೋದು, ಮಿಕ್ಕಿದ್ದನ್ನ ನಮ್ಮ ಕಣ್ಣೇ ತುಂಬ್ಕೊಳುತ್ತೆ. ಇದನ್ನ ನೋಡಿದ ತಕ್ಷಣ ಎಲ್ರೂ ಮಾಡೋದು ಏನು, ಒಬ್ಬ ಹುಡುಗಿ ಬಿಡಿಸಿ ಔಟ್‌ಲೈನ್ ಅಳಿಸಿಬಿಡೋದು, ಆಗ ಕೈಯೆಲ್ಲೋ ತಲೆಯೆಲ್ಲೋ ತೇಲ್ತಾ ಇರುತ್ತೆ. ಫಿಲಿಪ್ಸ್ ಹಾಗೆ ಸುಮ್ಮನೆ ಅಳಿಸಿಲ್ಲ. ಅಂಚು ಎಲ್ಲಿ ಮಾಯ ಆಗುತ್ತೋ ಅದರ ಎರಡು ಕಡೆನೂ ಒಂದೊಂದು ಸಾಕ್ಷಿ ಬಿಟ್ಟಿರ್ತಾನೆ: ಈ ಕಡೆ ಒಂದು ಮಣಿಕಟ್ಟು, ಆ ಕಡೆ ಲಂಗದ ತುದಿಯ ಪಟ್ಟಿ, ನಡುವೆ ಬಟ್ಟೆ ಮೇಲಿನ ಹೂವು ಸರಿಯಾಗಿ ಮೈ ಮುಗಿಯೋ ಜಾಗದಲ್ಲೇ ಅರ್ಧಕ್ಕೆ ನಿಂತಿರುತ್ತೆ. ಅಂದ್ರೆ ಪೂರ್ತಿ ದೇಹದ ಡ್ರಾಯಿಂಗ್ ಕೈಯಲ್ಲಿ ಗಟ್ಟಿ ಇದ್ರೇನೇ ಹೀಗೆ ಬಿಡೋಕೆ ಸಾಧ್ಯ. ಅವನ ಒಂದು ಚಿತ್ರ ಪ್ರಿಂಟ್ ತಗೊಂಡು, ಇಲ್ಲದ ಅಂಚನ್ನ ಪೆನ್ಸಿಲ್‌ನಲ್ಲಿ ನೀವೇ ಎಳೆದು ನೋಡಿ, ಎಲ್ಲಿ ನಿಮಗೆ ಅನುಮಾನ ಬರಲಿಲ್ವೋ ಅಲ್ಲಿ ಅವನು ಏನು ಬಿಟ್ಟಿದ್ದ ಅಂತ ಗುರುತು ಹಾಕಿ.

ಆಮೇಲೆ ಪುಸ್ತಕ ಮುಚ್ಚಿ. ನಿಮ್ಮ ಕಣ್ಣ ಮುಂದೆ ಅಂಚು ಮಾಯ ಆಗೋದು ಎಲ್ಲಿ? ರಾತ್ರಿ ಮಳೆಯಲ್ಲಿ ಕಪ್ಪು ರೇನ್‌ಕೋಟ್ ಹಾಕ್ಕೊಂಡು ನಿಂತಿರೋ ಡೆಲಿವರಿ ಹುಡುಗ, ಹೆಲ್ಮೆಟ್ ಮೇಲೆ ಒಂದು ಗೆರೆ ಬೆಳಕು, ಮೊಬೈಲ್ ಬೆಳಕಲ್ಲಿ ಗಲ್ಲ, ಬೆರಳು, ಅಷ್ಟೇ. ಇದನ್ನ ಬಿಡಿಸಿದ್ರೆ ಯಾರೂ 1908 ಅನ್ನಲ್ಲ, ಆದ್ರೆ ಕಲಿತದ್ದು ಫಿಲಿಪ್ಸ್ ಹತ್ರಾನೇ.

ಲೂಸಿಯನ್ ಬರ್ನ್‌ಹಾರ್ಡ್ ಅನ್ನೋ ಜರ್ಮನ್ ಪೋಸ್ಟರ್ ಕಲಾವಿದ ಪ್ರೀಸ್ಟರ್ ಕಂಪನಿಗೆ ಮಾಡಿದ ಬೆಂಕಿಕಡ್ಡಿ ಪೋಸ್ಟರ್‌ನೂ ಹೀಗೇ ನೋಡ್ಬೇಕು, 20ನೇ ಶತಮಾನದ ಮೊದಲ ವರ್ಷಗಳ ಬರ್ಲಿನ್‌ದು. ಗಾಢ ಹಿನ್ನೆಲೆ, ಎರಡು ಕಡ್ಡಿ, ಕಂಪನಿ ಹೆಸರು, ಮುಗೀತು. ಅದರ ಬಗ್ಗೆ ಒಂದು ಕಥೆ ಹೇಳ್ತಾರೆ, ಮೊದಲು ಅದ್ರಲ್ಲಿ ಟೇಬಲ್, ಆಶ್‌ಟ್ರೇ, ಸಿಗಾರ್ ಎಲ್ಲಾ ಇತ್ತು, ನೋಡಿದೋರು ಇದು ಸಿಗಾರ್ ಜಾಹೀರಾತಾ ಅಂತ ಕೇಳಿದ್ರು, ಒಂದೊಂದೇ ತೆಗೀತಾ ಹೋದ ಅಂತ. ಇದ್ರಿಂದ ಫ್ಲಾಟ್ ಕಲರ್, ದಪ್ಪ ಅಕ್ಷರ ತಗೊಂಡ್ರೆ ಪ್ರಯೋಜನ ಕಮ್ಮಿ. ನಿಮ್ಮ ಚಿತ್ರ ತೋರಿಸಿ 'ಇದು ಯಾವುದರ ಬಗ್ಗೆ' ಅಂತ ಬೇರೆಯವರನ್ನ ಕೇಳಿ, ತಪ್ಪು ಉತ್ತರ ಬರೋಕೆ ಕಾರಣ ಆದ ವಸ್ತುನ ಕಿತ್ತಾಕೋದು, ಅದನ್ನ ತಗೊಳ್ಳಿ.

ಬಣ್ಣಕ್ಕೂ ಒಂದು ಮಾತು. ಎರಡೇ ಇಂಕ್ ಇದ್ದಾಗ ಒಂದರ ಮೇಲೊಂದು ಬಿದ್ದ ಕಡೆ ಮೂರನೇ ಬಣ್ಣ ಬರ್ತಿತ್ತು, ಬಿಳಿಗೆ ಕಾಗದಾನೇ ಗತಿ, ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಬಿಡಿಸ್ಬೇಕಿತ್ತು. ನೀವು ಎರಡೇ ಲೇಯರ್ ಇಟ್ಕೊಂಡು ಮೇಲಿನದನ್ನ ಮಲ್ಟಿಪ್ಲೈಗೆ (ಡ್ರಾಯಿಂಗ್ ಆ್ಯಪ್‌ನಲ್ಲಿ ಕೆಳಗಿನ ಬಣ್ಣದ ಜೊತೆ ಇಂಕ್ ಥರ ಬೆರೆಯೋ ಸೆಟ್ಟಿಂಗ್) ಹಾಕಿ ಒಂದು ಚಿತ್ರ ಮುಗಿಸಿ ನೋಡಿ, ಹಳೇ ಪ್ಯಾಲೆಟ್ ಬೇಡ, ನಿಮಗೆ ಇಷ್ಟವಾದ ಯಾವ ಎರಡು ಬಣ್ಣ ಆದ್ರೂ ಸರಿ.

ಅಮೆರಿಕನ್ ಇಲಸ್ಟ್ರೇಟರ್ ನಾರ್ಮನ್ ರಾಕ್‌ವೆಲ್ ಕೂಡ ನಿಮ್ಮ ಹಾಗೇ, ತನಗಿಂತ ಹಿರಿಯ ಇಲಸ್ಟ್ರೇಟರ್ ಲೈಯೆಂಡೆಕರ್‌ನ ದೊಡ್ಡ ಅಭಿಮಾನಿ. 1916ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಮ್ಯಾಗಜೀನ್‌ಗೆ ಮೊದಲ ಕವರ್ ಮಾಡಿದ, ಆ ಶುರುವಿನ ಕವರ್‌ಗಳಲ್ಲಿ ಲೈಯೆಂಡೆಕರ್ ಚೆನ್ನಾಗೇ ಕಾಣ್ತಾನೆ. 1939ರಲ್ಲಿ ವರ್ಮಾಂಟ್‌ನ ಆರ್ಲಿಂಗ್ಟನ್‌ಗೆ ಹೋದ್ಮೇಲೆ ಅಕ್ಕಪಕ್ಕದ ಮನೆಯವರನ್ನೇ ಮಾಡೆಲ್ ಮಾಡ್ಕೊಂಡ. ಆರೋ ಅನ್ನೋ ಶರ್ಟ್ ಕಾಲರ್ ಬ್ರ್ಯಾಂಡ್‌ನ ಜಾಹೀರಾತಿಗೆ ಲೈಯೆಂಡೆಕರ್ ಬಿಡಿಸಿದ ಗಂಡಸಿನ ತೀಡಿದ ಮುಖಕ್ಕೂ ರಾಕ್‌ವೆಲ್‌ನ ಈ ಮುಖಗಳಿಗೂ ಎಷ್ಟು ದೂರ ನೋಡಿ. ನನ್ನ ಪ್ರಕಾರ ಸ್ವಂತಿಕೆ ಅನ್ನೋದು ಹೆಚ್ಚಾಗಿ ಬಂದಿದ್ದು ಅಲ್ಲಿಂದ, ಎದುರಿಗಿದ್ದ ಜನರನ್ನ ದಿನಾ ನೋಡಿದ್ರಿಂದ. ಆದ್ದರಿಂದ ಹಳೇ ಜಾಹೀರಾತುಗಳಿಂದ ಮನುಷ್ಯರ ಮುಖಾನ ಮಾತ್ರ ತಗೋಬೇಡಿ. ಅಲ್ಲಿ ಹೆಂಗಸ್ರು ಅಂದ್ರೆ ಅಡುಗೆಮನೆ, ಕರಿಯರು ಅಂದ್ರೆ ಆಳು ಅನ್ನೋ ಕೊಳಕೂ ಇದೆ, ಮುಖದ ಜೊತೆ ಅದೂ ಗೊತ್ತಿಲ್ಲದೆ ಬರುತ್ತೆ.

ಕಾಪಿ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ಮಾಡಿ, ಕೈಗೆ ಅಭ್ಯಾಸ ಬೇಕು. ಪೋಸ್ಟ್ ಮಾಡೋದಾದ್ರೆ ಇದು ಯಾರ ಚಿತ್ರದ ಸ್ಟಡಿ ಅಂತ ಬರೀರಿ, ಮಾರ್ಬೇಡಿ. ಪ್ರತಿ ಸ್ಟಡಿ ಪಕ್ಕ ಒಂದು ಪ್ರಶ್ನೆ ಬರೆದಿಡಿ. ಫ್ರಾನ್ಸಿನ ಪೋಸ್ಟರ್ ಕಲಾವಿದ ಕಸ್ಸಾಂದ್ರ್‌ನ 1935ರ ನಾರ್ಮಂಡಿ ಹಡಗಿನ ಪೋಸ್ಟರ್ ಪಕ್ಕ 'ಒಂದು ಹಾಳೆಯೊಳಗೆ ಇಷ್ಟು ದೊಡ್ಡದನ್ನ ದೊಡ್ಡದಾಗೇ ತೋರಿಸೋದು ಹೇಗೆ' ಅಂತ ಬರೀಬಹುದು. ಅವನು ಕೆಳಗಿಂದ ನೋಡಿದ, ಹಡಗಿನ ಬುಡದಲ್ಲಿ ಚಿಕ್ಕ ಚಿಕ್ಕ ಹಕ್ಕಿ ಇಟ್ಟ. ಹಡಗೂ ಬೇಡ ಹಕ್ಕಿನೂ ಬೇಡ ಅಂತ ನಿಮಗೆ ನೀವೇ ಷರತ್ತು ಹಾಕ್ಕೊಂಡು ಅದೇ ಪ್ರಶ್ನೆಗೆ ಮೂರ್ನಾಲ್ಕು ಚಿಕ್ಕ ಸ್ಕೆಚ್ ಮಾಡಿ. ನೀವು ಸದ್ಯ ಯಾರ ಚಿತ್ರ ನೋಡ್ಕೊಂಡು ಬಿಡಿಸ್ತಿದೀರ ಅಂತ ಕೆಳಗೆ ಹೇಳಿ, ಅದ್ರಲ್ಲಿ ಯಾವ ಪ್ರಶ್ನೆ ಇರಬಹುದು ಅಂತ ಒಟ್ಟಿಗೆ ನೋಡೋಣ.