ಟೆಂಡರು ಮುಗಿದ ಮೇಲಿನ ಲೆಕ್ಕ

ಗುಬ್ಬಿ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ನಮ್ಮ ಶಾಲೆಯ ಎಸ್‌ಡಿಎಂಸಿಯವರು ಒಂದು ಕಾಂಪೌಂಡ್ ಗೋಡೆ ಕಟ್ಟಿಸಬೇಕಾದರೂ ಮೂರು ಕೊಟೇಶನ್ ತರಿಸಿ, ಕಡಿಮೆ ದರದವರಿಗೆ ಕೆಲಸ ಕೊಡಬೇಕು. ಹೀಗಿರುವಾಗ ಸಾವಿರಾರು ಕೋಟಿಯ ಹೆಲಿಕಾಪ್ಟರು, ಯುದ್ಧವಿಮಾನಗಳನ್ನು ಟೆಂಡರಿಲ್ಲದೆ ಒಂದೇ ಕಂಪನಿಗೆ ವಹಿಸುವುದು ಹೇಗೆ? ಹೇಳಿದ ಗಡುವಿಗೆ ಕೊಡದಿದ್ದರೆ ದಂಡ ಯಾಕಿಲ್ಲ? ಇದಕ್ಕಿಂತ ಎಲ್ಲವನ್ನೂ ಖಾಸಗಿಯವರಿಗೆ ಬಿಟ್ಟುಕೊಡುವುದು ಮೇಲಲ್ಲವೇ?"

ಮಾನ್ಯರೇ,

ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ನೆರೆಯಲ್ಲಿ ಕುಳಿತು ನೀವು ಈ ಪ್ರಶ್ನೆ ಎತ್ತಿರುವುದು ಸಹಜವೇ ಆಗಿದೆ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯವು 156 'ಪ್ರಚಂಡ' ಯುದ್ಧ ಹೆಲಿಕಾಪ್ಟರುಗಳಿಗಾಗಿ ಸರ್ಕಾರಿ ಸ್ವಾಮ್ಯದ ವಿಮಾನ ತಯಾರಿಕಾ ಕಂಪನಿ ಎಚ್‌ಎಎಲ್ ಜೊತೆ ಸಹಿ ಹಾಕಿದ ಒಪ್ಪಂದಗಳ ಮೊತ್ತ, ತೆರಿಗೆ ಬಿಟ್ಟು, ಸುಮಾರು 62,700 ಕೋಟಿ ರೂಪಾಯಿ. ಇದಕ್ಕೆ ಸ್ಪರ್ಧೆ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆ ಹೆಲಿಕಾಪ್ಟರಿನ ವಿನ್ಯಾಸ ಎಚ್‌ಎಎಲ್‌ನದೇ. ಅದನ್ನು ಬೇರೆ ಯಾರೂ ತಯಾರಿಸುವುದಿಲ್ಲ. ಗೋಡೆ ಕಟ್ಟುವ ಮೇಸ್ತ್ರಿಗಳು ತಾಲ್ಲೂಕಿನಲ್ಲಿ ಹತ್ತಾರು ಮಂದಿ ಸಿಗುತ್ತಾರೆ, ಅವರ ಕೆಲಸ ಕೇಳುವವರೂ ಊರೂರಿಗೆ ಇದ್ದಾರೆ. ಯುದ್ಧಸಾಮಗ್ರಿಯ ಪೇಟೆಯಲ್ಲಿ ಕೊಳ್ಳುವವನು ಸರ್ಕಾರ ಒಬ್ಬನೇ, ಮಾರುವವರು ಒಬ್ಬರೋ ಇಬ್ಬರೋ. ಹೀಗಾಗಿ ಕೊಟೇಶನ್‌ಗಳ ಹೋಲಿಕೆಯಿಂದ ಸಿಗುವ ರಕ್ಷಣೆ ಅಲ್ಲಿ ಬಹಳ ಬೇಗ ಮುಗಿದುಹೋಗುತ್ತದೆ.

ಹಾಗೆಂದು ಟೆಂಡರು ಇಲ್ಲವೇ ಇಲ್ಲ ಎಂದಲ್ಲ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಕ್ಷಣಾ ಖರೀದಿ ಕಾರ್ಯವಿಧಾನದ ಪ್ರಕಾರ, ರಕ್ಷಣಾ ಸಚಿವರ ಅಧ್ಯಕ್ಷತೆಯ ಮಂಡಳಿಯು ಮೊದಲು ಅಗತ್ಯವನ್ನು ಒಪ್ಪಬೇಕು. ಆಮೇಲೆ ಕಂಪನಿಗಳಿಂದ ತಾಂತ್ರಿಕ ಪ್ರಸ್ತಾವ ಮತ್ತು ಬೆಲೆಯ ಪ್ರಸ್ತಾವವನ್ನು ಬೇರೆ ಬೇರೆ ಮುಚ್ಚಿದ ಲಕೋಟೆಗಳಲ್ಲಿ ಪಡೆಯಬೇಕು. ತಾಂತ್ರಿಕ ಪರಿಶೀಲನೆ ಮತ್ತು ಕ್ಷೇತ್ರಪರೀಕ್ಷೆಗಳಲ್ಲಿ ಗೆದ್ದವರ ಬೆಲೆ ಲಕೋಟೆಯನ್ನಷ್ಟೇ ತೆರೆದು, ಅವರಲ್ಲಿ ಅತಿ ಕಡಿಮೆ ಹೇಳಿದವರನ್ನು 'ಎಲ್-1' ಎಂದು ಗುರುತಿಸಿ, ಅವರೊಂದಿಗೆ ಮಾತುಕತೆಗೆ ಕೂರುತ್ತಾರೆ. ಪರೀಕ್ಷೆಯ ಖರ್ಚು ಸಾಮಾನ್ಯವಾಗಿ ಕಂಪನಿಯದೇ. ಫಿರಂಗಿ ಮಾರಬೇಕೆಂದಿರುವವರು ಅದನ್ನು ಸ್ವಂತ ಹಣದಲ್ಲಿ ಮರುಭೂಮಿಯ ಸುಡುಬಿಸಿಲಿಗೂ, ಬೇಕೆಂದರೆ ಲಡಾಖಿನ ಚಳಿಗೂ ಸಾಗಿಸಿ ತೋರಿಸಬೇಕು, ಮತ್ತು ಕೊನೆಗೆ ಸರ್ಕಾರ ಕೊಳ್ಳದಿದ್ದರೆ ಸುಮ್ಮನೆ ವಾಪಸು ಒಯ್ಯಬೇಕು. ಸಣ್ಣ ಕಂಪನಿಗಳು ಈ ಬಾಗಿಲಿನಾಚೆಯೇ ನಿಂತುಬಿಡುವುದಕ್ಕೆ ಇದೊಂದು ಕಾರಣ. ಸೇನೆ ತನ್ನ ಬೇಡಿಕೆಯ ಪಟ್ಟಿಯನ್ನು ತೀರಾ ಬಿಗಿಯಾಗಿ ಬರೆದರೆ ಕಣದಲ್ಲಿ ಒಬ್ಬರೇ ಉಳಿಯುವುದೂ ಉಂಟು. ಆಗ ಟೆಂಡರು ಕರೆದೂ ಕರೆಯದಂತೆಯೇ ಆಗುತ್ತದೆ.

ಈ ಇಡೀ ವ್ಯವಸ್ಥೆ ಬೆಳೆದದ್ದು ಹಗರಣಗಳ ಭಯದಲ್ಲಿ. 1986ರ ಮಾರ್ಚ್‌ನಲ್ಲಿ 1,437 ಕೋಟಿ ರೂಪಾಯಿಗೆ ಬೊಫೋರ್ಸ್ ಫಿರಂಗಿಗಳ ಒಪ್ಪಂದವಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಸ್ವೀಡನ್ ರೇಡಿಯೊ ಲಂಚದ ಸುದ್ದಿ ಬಿತ್ತರಿಸಿತು. ಮುಂದಿನದ್ದು ನಿಮಗೆ ಗೊತ್ತೇ ಇದೆ. ಆದರೆ ಆ ಪ್ರಕರಣದ ಇನ್ನೊಂದು ಮುಖದ ಬಗ್ಗೆ ಮಾತನಾಡುವವರು ಕಡಿಮೆ. ಒಪ್ಪಂದದಲ್ಲಿ ತಂತ್ರಜ್ಞಾನ ವರ್ಗಾವಣೆಯೂ ಸೇರಿತ್ತು. ಆ ದಾಖಲೆಗಳನ್ನು ಆಧರಿಸಿ ಜಬಲ್ಪುರದಲ್ಲಿ ತಯಾರಾದ 'ಧನುಷ್' ಫಿರಂಗಿಗಳು ಸೇನೆಯ ಕೈಸೇರತೊಡಗಿದ್ದು 2019ರಲ್ಲಿ. ದುಡ್ಡು ಕೊಟ್ಟು ಪಡೆದ ವಿದ್ಯೆ ಮೂರು ದಶಕ ಫಲ ಕೊಡಲಿಲ್ಲ. ಯಾರಿಗೆ ಎಷ್ಟು ಸಂದಿತು ಎಂಬುದನ್ನು ನಾವು ವರ್ಷಗಟ್ಟಲೆ ಹುಡುಕಿದೆವು. ಕೊಂಡದ್ದನ್ನು ಪೂರ್ತಿ ಬಳಸಿಕೊಂಡೆವೇ ಎಂದು ಕೇಳಲು ಮರೆತೆವು. ಈ ಹೊತ್ತಿನ ನಿಯಮಗಳಲ್ಲೂ ಅದೇ ವಾಲುವಿಕೆ ಇದೆ ಎಂಬುದು ನನ್ನ ಅಭಿಪ್ರಾಯ. ಗೆದ್ದವರು ಯಾರು ಎಂಬುದರ ಮೇಲೆ ನೂರು ಕಣ್ಣು, ಗೆದ್ದ ಮೇಲಿನ ಮೂವತ್ತು ವರ್ಷಗಳ ಮೇಲೆ ಒಂದೋ ಎರಡೋ.

ಇದಕ್ಕೆ 126 ಯುದ್ಧವಿಮಾನಗಳ ಖರೀದಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2007ರಲ್ಲಿ ಟೆಂಡರು ಹೊರಟಿತು, ಆರು ವಿಮಾನಗಳು ಸ್ಪರ್ಧಿಸಿದವು, ವರ್ಷಗಟ್ಟಲೆ ಪರೀಕ್ಷೆಗಳು ನಡೆದವು, 2012ರ ಜನವರಿಯಲ್ಲಿ ರಫೇಲ್ ತಯಾರಿಸುವ ದಸೋ ಕಂಪನಿ ಎಲ್-1 ಆಯಿತು. ನಿಯಮದ ದೃಷ್ಟಿಯಿಂದ ನೋಡಿದರೆ ಅಲ್ಲಿಗೆ ದೊಡ್ಡ ಕೆಲಸ ಮುಗಿದಂತೆ. ನಿಜವಾದ ತೊಡಕು ಶುರುವಾದದ್ದೇ ಅಲ್ಲಿಂದ. 18 ವಿಮಾನಗಳು ಫ್ರಾನ್ಸಿನಿಂದ ಸಿದ್ಧವಾಗಿ ಬರಬೇಕಿತ್ತು, ಉಳಿದ 108ನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟಬೇಕಿತ್ತು. ಎಚ್‌ಎಎಲ್ ಕಟ್ಟಿದ ವಿಮಾನದ ಗುಣಮಟ್ಟಕ್ಕೂ ಗಡುವಿಗೂ ಹೊಣೆ ಯಾರದು? ಟೆಂಡರು ಗೆದ್ದ ನೀವೇ ಹೊರಬೇಕು ಎಂದರು ಸರ್ಕಾರದವರು. ನಮ್ಮ ಅಧೀನದಲ್ಲಿಲ್ಲದ ಕಾರ್ಖಾನೆಗೆ ನಾವು ಜಾಮೀನು ನಿಲ್ಲುವುದಿಲ್ಲ ಎಂದಿತು ದಸೋ. ಎರಡೂ ಮಾತು ಅವರವರ ಮಟ್ಟಿಗೆ ಸರಿಯೇ. ಮೂರು ವರ್ಷ ಹಗ್ಗಜಗ್ಗಾಡಿ ಆ ಟೆಂಡರೇ ಬಿದ್ದುಹೋಯಿತು. 2016ರ ಸೆಪ್ಟೆಂಬರ್‌ನಲ್ಲಿ ಸರ್ಕಾರ-ಸರ್ಕಾರಗಳ ನಡುವಿನ ಒಪ್ಪಂದದ ಮೂಲಕ 36 ವಿಮಾನಗಳನ್ನಷ್ಟೇ, ಸುಮಾರು 59,000 ಕೋಟಿ ರೂಪಾಯಿಗೆ, ಸಿದ್ಧರೂಪದಲ್ಲಿ ಕೊಳ್ಳಲಾಯಿತು. ಅದರ ಸುತ್ತ ಎದ್ದ ರಾಜಕೀಯ ವಿವಾದ ಈ ಉತ್ತರದ ವಿಷಯವಲ್ಲ.

ಈಗ ದಂಡದ ಮಾತು. ದಂಡ ಇಲ್ಲ ಎನ್ನುವುದು ಸರಿಯಲ್ಲ. ತಡವಾದ ಸರಕಿನ ಬೆಲೆಯ ಮೇಲೆ ವಾರಕ್ಕೆ ಶೇ 0.5ರಂತೆ, ಒಟ್ಟು ಶೇ 10 ಮೀರದ ಹಾಗೆ ಮುರಿದುಕೊಳ್ಳುವ ಷರತ್ತು ಇಂಥ ಕರಾರುಗಳಲ್ಲಿ ವಾಡಿಕೆ. ಲೆಕ್ಕ ಹಾಕಿ ನೋಡಿ: ಇಪ್ಪತ್ತು ವಾರಕ್ಕೆ ದಂಡ ಮಿತಿ ಮುಟ್ಟುತ್ತದೆ. ಇಪ್ಪತ್ತೊಂದನೆಯ ವಾರದಿಂದ ಆ ಷರತ್ತಿಗೆ ಹಲ್ಲಿಲ್ಲ. ಆಮೇಲೆ ಉಳಿಯುವ ಅಸ್ತ್ರ ಕರಾರನ್ನೇ ರದ್ದು ಮಾಡುವುದು. ಆದರೆ ಬೇರೆ ಮಾರುವವನೇ ಇಲ್ಲದಾಗ ರದ್ದು ಮಾಡಿದವನೇ ಬರಿಗೈಯಲ್ಲಿ ಉಳಿಯುತ್ತಾನೆ.

ಎಚ್‌ಎಎಲ್ ತಯಾರಿಸುವ ತೇಜಸ್ ಮಾರ್ಕ್-1ಎ ಯುದ್ಧವಿಮಾನದ ಪ್ರಕರಣವನ್ನೇ ತೆಗೆದುಕೊಳ್ಳಿ. 2021ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48,000 ಕೋಟಿಯ ಒಪ್ಪಂದವಾಯಿತು. ಹೊಸ ಮಾದರಿಯ ವಿಮಾನಗಳು 2024ರ ಆರಂಭದಿಂದ ವಾಯುಪಡೆಗೆ ಸೇರತೊಡಗಬೇಕಿತ್ತು. ಅವುಗಳ ಎಫ್-404 ಎಂಜಿನ್ ಬರುವುದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಹಿಂದಿನ 65 ಎಂಜಿನ್‌ಗಳ ಪೂರೈಕೆ 2016ರಲ್ಲೇ ಮುಗಿದು, ಬೇರೆ ಬೇಡಿಕೆ ಇಲ್ಲದೆ ಆ ತಯಾರಿಕಾ ಸಾಲನ್ನು ಕಂಪನಿ ನಿಲ್ಲಿಸಿತ್ತು. 99 ಎಂಜಿನ್‌ಗಳ ಹೊಸ ಆರ್ಡರ್ ಹೋದದ್ದು 2021ರ ಆಗಸ್ಟ್‌ನಲ್ಲಿ. ಸಾಲನ್ನು ಮತ್ತೆ ಎಬ್ಬಿಸಿ, ಬಿಡಿಭಾಗ ಪೂರೈಸುವವರನ್ನು ಮತ್ತೆ ಕೂಡಿಸಿ, ಮೊದಲ ಎಂಜಿನ್ ಎಚ್‌ಎಎಲ್ ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅದಕ್ಕೆ ತಿಂಗಳ ಹಿಂದೆ ವಾಯುಪಡೆಯ ಮುಖ್ಯಸ್ಥರು ಅದೇ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ಬಗ್ಗೆ ತಮಗೆ ವಿಶ್ವಾಸ ಉಳಿದಿಲ್ಲವೆಂದು ಹೇಳಿದ್ದು ಕ್ಯಾಮೆರಾಗಳಲ್ಲಿ ದಾಖಲಾಗಿ ದೇಶವೆಲ್ಲ ಕೇಳಿತು. ತಡಕ್ಕೆ ಎಂಜಿನ್ ಒಂದೇ ಕಾರಣವಲ್ಲ, ಎಚ್‌ಎಎಲ್‌ನ ಪಾಲೂ ಇದೆ. ಇಷ್ಟಾದರೂ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ತೇಜಸ್‌ಗಳಿಗೆ 62,370 ಕೋಟಿಯ ಹೊಸ ಒಪ್ಪಂದ ಅದೇ ಎಚ್‌ಎಎಲ್ ಜೊತೆಗೇ ಆಯಿತು. ಬೇರೆ ದಾರಿ ಎಲ್ಲಿತ್ತು?

ಹಾಗಾದರೆ ಖಾಸಗಿಯವರಿಗೆ ಬಿಟ್ಟುಬಿಡೋಣವೇ? ಎಚ್‌ಎಎಲ್ ಹುಟ್ಟಿದ್ದೇ ಖಾಸಗಿ ಉದ್ಯಮವಾಗಿ ಎಂಬುದನ್ನು ನೆನೆಯಬೇಕು. 1940ರ ಡಿಸೆಂಬರ್‌ನಲ್ಲಿ ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಯುದ್ಧದ ಒತ್ತಡದಲ್ಲಿ 1942ರ ಹೊತ್ತಿಗೆ ಭಾರತ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರ ಶಸ್ತ್ರಾಸ್ತ್ರ ತಯಾರಿಕೆ ಸರ್ಕಾರದ್ದೇ ಆಗಿ, 2001ರಲ್ಲಷ್ಟೇ ಖಾಸಗಿಯವರಿಗೆ ಬಾಗಿಲು ತೆರೆಯಿತು. ಬಂದವರಲ್ಲಿ ಚೆನ್ನಾಗಿ ಮಾಡಿದವರಿದ್ದಾರೆ. ಎಲ್ ಆಂಡ್ ಟಿ ಕಂಪನಿ 2017ರ ಮೇ ತಿಂಗಳಲ್ಲಿ ಸುಮಾರು 4,500 ಕೋಟಿಗೆ ಪಡೆದ 100 'ಕೆ-9 ವಜ್ರ' ಫಿರಂಗಿಗಳ ಕೆಲಸವನ್ನು ಗುಜರಾತಿನ ಹಜೀರಾದಲ್ಲಿ 2021ರ ಫೆಬ್ರುವರಿಯೊಳಗೆ, ಗಡುವಿಗೆ ಮುಂಚೆಯೇ, ಮುಗಿಸಿತು. ಆದರೆ ಅದು ದಕ್ಷಿಣ ಕೊರಿಯಾದಲ್ಲಿ ಆಗಲೇ ಪಳಗಿದ ವಿನ್ಯಾಸ. ಕಾಗದದ ಮೇಲಿರುವ ವಿನ್ಯಾಸಕ್ಕೆ ಬೆಲೆ ಕಟ್ಟಿ ಸಹಿ ಹಾಕುವ ಸಾಹಸ ಬೇರೆಯೇ. ಅಮೆರಿಕದ ಬೋಯಿಂಗ್ 2011ರಲ್ಲಿ ಇಂಧನ ತುಂಬುವ ಕೆಸಿ-46 ವಿಮಾನವನ್ನು ನಿಗದಿತ ಬೆಲೆಗೆ ರೂಪಿಸಿಕೊಡುವುದಾಗಿ ಒಪ್ಪಿ, 700 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು, ವಿಮಾನವೂ ತಡವಾಯಿತು. ಖರ್ಚಿನ ಮೇಲೆ ಲಾಭಾಂಶ ಸೇರಿಸಿ ಕೊಡುವ ಪದ್ಧತಿಯಲ್ಲಾದರೆ ಖರ್ಚು ತಗ್ಗಿಸುವ ಆಸೆಯೇ ಕಂಪನಿಗೆ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಬಿಡಿಭಾಗಗಳಲ್ಲಂತೂ ಖಾಸಗಿ ಏಕಸ್ವಾಮ್ಯ ಇನ್ನೂ ಅಪಾಯಕಾರಿ. ಅಮೆರಿಕದ ರಕ್ಷಣಾ ಇಲಾಖೆಯ ತನಿಖಾಧಿಕಾರಿಗಳು 2019ರಲ್ಲಿ ಟ್ರಾನ್ಸ್‌ಡೈಮ್ ಎಂಬ ಪೂರೈಕೆದಾರ ಕಂಪನಿಯ 47 ಬಿಡಿಭಾಗಗಳ ಬೆಲೆ ತಪಾಸಿಸಿದಾಗ 46ರಲ್ಲಿ ಮಿತಿಮೀರಿದ ಲಾಭ ಕಂಡುಬಂತು. ಹೆಚ್ಚುವರಿ ಮೊತ್ತ 1.61 ಕೋಟಿ ಡಾಲರು. ಬೇರೆಲ್ಲೂ ಸಿಗದ ಬಿಡಿಭಾಗಕ್ಕೆ ಮಾರುವವನು ಹೇಳಿದ್ದೇ ಬೆಲೆ. ಕಂಪನಿ ಸರ್ಕಾರಿಯೋ ಖಾಸಗಿಯೋ ಎನ್ನುವುದಕ್ಕಿಂತ, ಸೇವೆ ಮತ್ತು ಬಿಡಿಭಾಗಗಳ ದರವನ್ನು ಮೊದಲ ಸಹಿಯ ದಿನವೇ, ಅಂದರೆ ಕೊಳ್ಳುವವನಿಗೆ ಬೇಡ ಎನ್ನುವ ಬಲ ಇನ್ನೂ ಇರುವಾಗಲೇ, ಕಟ್ಟಿಹಾಕಲಾಗಿದೆಯೇ ಎಂಬುದು ನಾನು ಮೊದಲು ಕೇಳುವ ಪ್ರಶ್ನೆ. ರಫೇಲ್ ಒಪ್ಪಂದದಲ್ಲಿ ಅಂಥ ಒಂದು ಷರತ್ತು ಇದೆ: ಐದು ವರ್ಷ ಕಾಲ ವಿಮಾನಗಳಲ್ಲಿ ಕನಿಷ್ಠ ಶೇ 75ರಷ್ಟು ಹಾರಲು ಸಿದ್ಧವಿರುವಂತೆ ನೋಡಿಕೊಳ್ಳುವ ಹೊಣೆ ಕಂಪನಿಯದು. ಎಷ್ಟು ರಿಪೇರಿ ಮಾಡಿದಿರಿ ಎಂದು ಎಣಿಸಿ ಹಣ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ.

ಪ್ರಚಂಡದ ಆರ್ಡರಿನಲ್ಲಿ 250ಕ್ಕೂ ಹೆಚ್ಚು ದೇಶೀ ಕಂಪನಿಗಳು, ಹೆಚ್ಚಿನವು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು, ಪಾಲು ಪಡೆಯಲಿವೆ ಎಂದು ಸಚಿವಾಲಯ ಹೇಳಿದೆ. ಎಂದರೆ ನೀವು ಕೇಳಿದ ಖಾಸಗಿ ಪಾಲುದಾರಿಕೆ ನಿಮ್ಮ ತಾಲ್ಲೂಕಿನ ಕಾರ್ಖಾನೆಯ ಗೇಟಿನೊಳಗೆ ಬಿಡಿಭಾಗಗಳ ರೂಪದಲ್ಲಿ ಬರಲಿದೆ. ಅವರಿಗೆ ಎಚ್‌ಎಎಲ್ ಹೊತ್ತಿಗೆ ಸರಿಯಾಗಿ ಬಿಲ್ ಪಾವತಿಸುತ್ತದೆಯೇ, ಒಂದೇ ಭಾಗಕ್ಕೆ ಇಬ್ಬರು ಪೂರೈಕೆದಾರರನ್ನು ಬೆಳೆಸುತ್ತದೆಯೇ ಎಂಬುದು ಒಪ್ಪಂದದ ಪತ್ರಿಕಾ ಪ್ರಕಟಣೆಯಲ್ಲಿ ಇರುವುದಿಲ್ಲ. ಮಹಾಲೇಖಪಾಲರ (ಸಿಎಜಿ) ವರದಿಗಳಲ್ಲಿ, ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳಲ್ಲಿ ಅಂಥ ವಿವರಗಳು ಆಗಾಗ ಸಿಗುತ್ತವೆ. ಅವು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಬರುತ್ತವೆ ಎಂಬ ನಿಮ್ಮ ಸಂಭವನೀಯ ಆಕ್ಷೇಪವನ್ನು ಒಪ್ಪುತ್ತೇನೆ. ಹೆಲಿಕಾಪ್ಟರ್ ಖರೀದಿಯ ಕುರಿತು ಅಂಥದ್ದೊಂದು ವರದಿ ಸದನದಲ್ಲಿ ಮಂಡನೆಯಾದಾಗ ಅದರ ಮುಖ್ಯಾಂಶಗಳನ್ನು ಪತ್ರಿಕೆಯಲ್ಲಿ ಕನ್ನಡದಲ್ಲಿ ಕೊಡುತ್ತೇವೆ.

— ಸಂಪಾದಕ