ಕೊಟ್ಟದ್ದನ್ನೆಲ್ಲ ಕಟ್ಟಿಕೊಂಡು ಹೋಗಬೇಕೆ?

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ನಮ್ಮ ಕೆಲವು ವೈದ್ಯರು ಮತ್ತು ನರ್ಸ್‌ಗಳು ರಜೆ ಹಾಕಿ, ಕೀನ್ಯಾದ ಕಿಸುಮು ನಗರದ ಸುತ್ತಲಿನ ಹಳ್ಳಿಗಳಲ್ಲಿ ಉಚಿತ ಆರೋಗ್ಯ ಶಿಬಿರ ನಡೆಸಲು ಹೊರಟಿದ್ದೇವೆ. ಸುದ್ದಿ ತಿಳಿದವರೆಲ್ಲ ಮಾತ್ರೆ, ಸಿರಪ್, ಗ್ಲೌಸ್, ಹಳೆಯ ಬಿಪಿ ಉಪಕರಣ ಎಂದು ಏನೇನೋ ತಂದುಕೊಡುತ್ತಿದ್ದಾರೆ. ಪ್ಯಾಕಿಂಗ್ ಹೊಣೆ ನನ್ನ ಮೇಲಿದೆ. ಯಾವುದನ್ನು ಒಯ್ಯಬೇಕು, ಹೇಗೆ ಕಟ್ಟಬೇಕು, ಕೊಟ್ಟವರ ಮನಸ್ಸು ನೋಯಿಸದೆ ಬೇಡವೆನ್ನುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಪೆಟ್ಟಿಗೆ ಕಟ್ಟುವ ಮೊದಲು ಅಲ್ಲಿಂದ ಒಂದು ಪಟ್ಟಿ ತರಿಸಿಕೊಳ್ಳಿ. ಶಿಬಿರಕ್ಕೆ ಜಾಗ ಕೊಡುವ ಆರೋಗ್ಯ ಕೇಂದ್ರದವರು ತಮಗೆ ಯಾವ ಔಷಧ, ಎಷ್ಟು ಮಿಲಿಗ್ರಾಂನದು, ಎಷ್ಟು ಬೇಕು ಎಂಬುದನ್ನು ಬರೆದು ಕಳಿಸಬೇಕು. ಅದರಲ್ಲಿ ಇಲ್ಲದ್ದು ನಿಮ್ಮ ಮೇಜಿನ ಮೇಲೆ ಎಷ್ಟೇ ರಾಶಿ ಬಿದ್ದಿದ್ದರೂ ಪೆಟ್ಟಿಗೆಯೊಳಗೆ ಹೋಗಬಾರದು. ಇದು ಕಠಿಣವೆನ್ನಿಸಬಹುದು. ಆದರೆ 2004ರ ಸುನಾಮಿಯ ನಂತರ ಇಂಡೊನೇಷ್ಯಾದ ‘ಆಚೆ’ (Aceh) ಎಂಬ ಪ್ರಾಂತ್ಯದಲ್ಲಿ 20 ಲಕ್ಷಕ್ಕಿಂತ ಕಡಿಮೆ ಜನರಿಗಾಗಿ ಸುಮಾರು 4,000 ಟನ್ ಔಷಧ ಬಂದು ಬಿತ್ತು. ಅದರಲ್ಲಿ ಶೇ 60ರಷ್ಟು ಆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇರಲಿಲ್ಲ, ಶೇ 70ರಷ್ಟರ ಲೇಬಲ್ ಪರಭಾಷೆಯಲ್ಲಿತ್ತು. ರೋಗಿಗಳನ್ನು ನೋಡಬೇಕಾದ ಜನ ಔಷಧ ವಿಂಗಡಿಸುತ್ತ ಕೂರುವಂತಾದರೆ ಅದನ್ನು ನೆರವು ಎನ್ನುವುದು ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನದ ಬಗ್ಗೆ 1996ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಔಷಧವು ಆ ದೇಶವನ್ನು ತಲುಪಿದ ದಿನಕ್ಕೆ ಇನ್ನೂ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು, ಪೊಟ್ಟಣದ ಮೇಲೆ ಜೆನೆರಿಕ್ ಹೆಸರು (ಕಂಪನಿಯ ಬ್ರ್ಯಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು) ಇರಬೇಕು, ರೋಗಿಗಳು ಹಿಂದಿರುಗಿಸಿದ ಔಷಧವನ್ನಾಗಲಿ ಉಚಿತ ಸ್ಯಾಂಪಲ್‌ಗಳನ್ನಾಗಲಿ ಕೊಡಬಾರದು ಎಂಬುವು ಅದರಲ್ಲಿ ಮುಖ್ಯವಾದವು. ಮೆಡಿಕಲ್ ರೆಪ್‌ಗಳು ಬಿಟ್ಟುಹೋದ ಸ್ಯಾಂಪಲ್ ತುಂಬಿದ ಡ್ರಾಯರ್ ಇಲ್ಲದ ಕ್ಲಿನಿಕ್ ನಮ್ಮಲ್ಲಿ ಅಪರೂಪವಾದ್ದರಿಂದ ಈ ಕೊನೆಯ ಮಾತು ನಿಮಗೆ ಹೆಚ್ಚು ಅನ್ವಯಿಸುತ್ತದೆ.

ನಿಮ್ಮನ್ನು ಅತಿ ಹೆಚ್ಚು ಕಾಡುವುದು ಕತ್ತರಿಸಿದ ಸ್ಟ್ರಿಪ್. ಹತ್ತು ಮಾತ್ರೆಗಳ ಸ್ಟ್ರಿಪ್‌ನಿಂದ ಬೇಕಾದ ನಾಲ್ಕನ್ನು ಕತ್ತರಿಸಿ ಕೊಡುವುದು ನಮ್ಮ ಮೆಡಿಕಲ್ ಸ್ಟೋರ್‌ಗಳ ರೂಢಿ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಅನೇಕ ಸ್ಟ್ರಿಪ್‌ಗಳಲ್ಲಿ ಒಂದು ತುದಿಗಷ್ಟೇ ಅಚ್ಚಾಗಿರುತ್ತದೆ. ಆ ತುದಿ ಯಾರದೋ ಮನೆ ಸೇರಿದ ಮೇಲೆ ನಿಮ್ಮ ಕೈಗೆ ಬರುವುದು ಹೆಸರೇ ಅರ್ಧ ಹರಿದುಹೋದ, ಹಿಂಬದಿಯಲ್ಲಿ ಬರೀ ಬೆಳ್ಳಿ ಹಾಳೆ ಕಾಣುವ ತುಂಡು. ಒಳಗಿನ ಮಾತ್ರೆ ಚೆನ್ನಾಗಿಯೇ ಇರಬಹುದು, ಆದರೆ ಅದನ್ನು ತೋರಿಸುವ ಯಾವ ಗುರುತೂ ಉಳಿದಿಲ್ಲವಾದ್ದರಿಂದ ನೋಡಿದ ಕೂಡಲೇ ಬದಿಗಿಡಿ. ಆಪರೇಷನ್ ಥಿಯೇಟರ್‌ನಲ್ಲಿ ಬಿಚ್ಚಿ ಬಳಸದೆ ಉಳಿಸಿದ ಹೊಲಿಗೆ ದಾರ, ಕವರ್ ಮುದುಡಿ ಬಿರುಕು ಬಿಟ್ಟ ಸ್ಟೆರೈಲ್ ಗ್ಲೌಸ್‌ಗಳಿಗೂ ಇದೇ ಮಾತು. ಮೈಸೂರಿನ ರೋಗಿಗೆ ನೀವು ಕೊಡಲಾರದ್ದನ್ನು ಕಿಸುಮುವಿನ ರೋಗಿಗೂ ಕೊಡಬಾರದು.

ಕೀನ್ಯಾದಲ್ಲಿ ಔಷಧ ಆಮದಿಗೆ ಅನುಮತಿ ಕೊಡುವುದು ಅಲ್ಲಿನ ಫಾರ್ಮಸಿ ಅಂಡ್ ಪಾಯ್ಸನ್ಸ್ ಬೋರ್ಡ್. ಸ್ಥಳೀಯ ಕೇಂದ್ರದವರ ಮೂಲಕ ಮೊದಲೇ ಅರ್ಜಿ ಹಾಕಿಸಿ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ‘ಸೇವೆಗಾಗಿ ತಂದಿದ್ದೇವೆ’ ಎನ್ನುವ ಮಾತು ಕಾಗದದ ಜಾಗದಲ್ಲಿ ನಿಲ್ಲುವುದಿಲ್ಲ. ಮಾರ್ಫಿನ್, ಕೆಟಮಿನ್, ಡಯಾಜೆಪಾಮ್‌ಗಳಂಥ ನಿಯಂತ್ರಿತ ಔಷಧಗಳ ಗೋಜಿಗೇ ಹೋಗಬೇಡಿ, ಅವುಗಳಿಗೆ ಎರಡೂ ದೇಶಗಳ ಪ್ರತ್ಯೇಕ ಪರವಾನಗಿ ವ್ಯವಸ್ಥೆಯಿದೆ. ಪಾದರಸದ ಬಿಪಿ ಉಪಕರಣವನ್ನು ವಿಮಾನದ ಲಗೇಜಿನಲ್ಲಿ ಒಯ್ಯುವಂತಿಲ್ಲ. ಸರ್ಜಿಕಲ್ ಸ್ಪಿರಿಟ್ ಮತ್ತು ಸ್ಯಾನಿಟೈಸರ್‌ನ ದೊಡ್ಡ ಕ್ಯಾನ್‌ಗಳು ಸುಲಭವಾಗಿ ಉರಿಯುವ ವಸ್ತುಗಳಾದ್ದರಿಂದ ಅವನ್ನು ಅಲ್ಲಿಯೇ ಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿರಲಿ.

ಇನ್ನು ಕಟ್ಟುವ ಕ್ರಮ. ಔಷಧದ ಪೆಟ್ಟಿಗೆಯಲ್ಲಿ ಔಷಧ ಮಾತ್ರ ಇರಲಿ. ಬಟ್ಟೆ, ಆಟಿಕೆಗಳನ್ನು ಸಂದಿಗೆ ತುರುಕಬೇಡಿ. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಹಾಕಿ, ಜೆನೆರಿಕ್ ಹೆಸರು, ಪ್ರಮಾಣ, ಎಣಿಕೆ, ತಯಾರಕರು, ಬ್ಯಾಚ್, ಅವಧಿ ಇಷ್ಟನ್ನೂ ಇಂಗ್ಲಿಷ್‌ನಲ್ಲಿ ಬರೆದು, ಒಂದು ಪ್ರತಿಯನ್ನು ಒಳಗಿಟ್ಟು ಇನ್ನೊಂದನ್ನು ತಂಡದ ಮುಖ್ಯಸ್ಥರ ಕೈಯಲ್ಲಿಡಿ. ಒಂದೇ ಔಷಧವನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿದರೆ, ಆ ಪೆಟ್ಟಿಗೆ ದಾರಿಯಲ್ಲಿ ತಪ್ಪಿಹೋದಾಗ ಶಿಬಿರವೇ ನಿಂತುಬಿಡುತ್ತದೆ. ಎರಡು ಮೂರಕ್ಕೆ ಹಂಚಿ. ಅನೇಕ ವಿಮಾನಗಳಲ್ಲಿ ಒಂದು ಲಗೇಜಿನ ಮಿತಿ 23 ಕಿಲೋ ಇರುವುದರಿಂದ ಮನೆಯಲ್ಲೇ ತೂಗಿಕೊಳ್ಳಿ. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, ದಂಡವೂ ಭಾರಿ. ಮಾತ್ರೆ ಹಂಚಲು ಕಾಗದದ ಕವರ್‌ಗಳನ್ನೇ ಒಯ್ಯಿರಿ. ಸೂಜಿ, ಸಿರಿಂಜ್ ಒಯ್ಯುವ ಮುನ್ನ, ಬಳಸಿದವನ್ನು ಎಲ್ಲಿ ಸುಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ.

ಬೇಡವೆನ್ನುವ ಸಂಕೋಚಕ್ಕೆ ಆ ಪಟ್ಟಿಯೇ ಮದ್ದು. ಅದನ್ನು ವಾರ್ಡಿನ ನೋಟಿಸ್ ಬೋರ್ಡಿಗೆ ಅಂಟಿಸಿ, ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಆಗ ನಿರಾಕರಿಸಿದ್ದು ನೀವಲ್ಲ, ಪಟ್ಟಿ ಎಂದಾಗುತ್ತದೆ. ಏನಾದರೂ ಕೊಡಲೇಬೇಕೆನ್ನುವವರಿಂದ ಹಣ ಪಡೆದು ಔಷಧವನ್ನು ಅಲ್ಲಿಯೇ ಕೊಳ್ಳಿ. ನೈರೋಬಿಯಲ್ಲಿ ಚರ್ಚ್‌ಗಳ ಆಶ್ರಯದ ಮಿಷನ್ ಫಾರ್ ಎಸೆನ್ಷಿಯಲ್ ಡ್ರಗ್ಸ್ ಅಂಡ್ ಸಪ್ಲೈಸ್ ಎಂಬ ಲಾಭರಹಿತ ಸಂಸ್ಥೆ ಆಸ್ಪತ್ರೆಗಳಿಗೆ ಔಷಧ ಪೂರೈಸುತ್ತದೆ. ಕಿಸುಮು ಇರುವ ವಿಕ್ಟೋರಿಯಾ ಸರೋವರದ ತೀರದಲ್ಲಿ ಮಲೇರಿಯಾ ಹೆಚ್ಚು. ಅದರ ಔಷಧವನ್ನು ಇಲ್ಲಿಂದ ಹೊರುವುದಕ್ಕಿಂತ ಅಲ್ಲಿನ ಚಿಕಿತ್ಸಾ ಕ್ರಮಕ್ಕೆ ಹೊಂದುವುದನ್ನು ಅಲ್ಲಿಯೇ ಕೊಳ್ಳುವುದು ಲೇಸು.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ ಇನ್ಸುಲಿನ್ ಬಾಟಲಿಗಳು ಫ್ರಿಜ್‌ನಲ್ಲಿವೆ, ಗ್ಲುಕೋಮೀಟರ್ ಕೂಡ ಇದೆ. ಇಂಥ ತಂಡಕ್ಕೆ ಕೊಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇನ್ಸುಲಿನ್ ಬೇಡ. ಬಳಸಲು ತೆರೆಯುವವರೆಗೆ ಅದನ್ನು ಸದಾ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರಬೇಕು, ಒಮ್ಮೆ ಹೆಪ್ಪುಗಟ್ಟಿದರೂ ಕೆಟ್ಟಿತು. ಕರೆಂಟು ಹೋದ ರಾತ್ರಿಗಳ ಲೆಕ್ಕ ನಿಮ್ಮ ಫ್ರಿಜ್ ಇಟ್ಟಿರುವುದಿಲ್ಲ. ಗ್ಲುಕೋಮೀಟರ್ ಕೊಡಬಹುದು, ಆದರೆ ಆ ಮಾದರಿಗೆ ಹೊಂದುವ ರಕ್ತಪರೀಕ್ಷೆಯ ಸ್ಟ್ರಿಪ್‌ಗಳು ಅಲ್ಲಿ ಸಿಗುತ್ತವೆಯೇ ಎಂದು ತಂಡದವರು ಮೊದಲು ವಿಚಾರಿಸಲಿ. ಸಿಗದಿದ್ದರೆ ನಿಮ್ಮ ಬಡಾವಣೆಯಲ್ಲೇ ಅದೇ ಮಾದರಿ ಬಳಸುವ ಮಧುಮೇಹಿಯೊಬ್ಬರಿಗೆ ಕೊಡಿ.