ಎರಡು ಲಕ್ಷ ಇದೆ, ಇನ್ನೊಂದು ಬೋರು ಕೊರೆಸಲಾ?

ಪ್ರಶ್ನೆ: ಶಿರಾ ಕಡೆ ನಮಗೆ ಮೂರು ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲ ಇದೆ. ಮನೆಯಲ್ಲಿ ಐದು ಜನ. ಕೊರೆಸಿದ ಎರಡು ಬೋರೂ ಬತ್ತಿವೆ. ಮಳೆ ನಂಬುವ ಹಾಗಿಲ್ಲ. ಕೈಯಲ್ಲಿ ಎರಡು ಲಕ್ಷ ರೂಪಾಯಿ ಇದೆ. ಮಗ ಇನ್ನೊಂದು ಬೋರು ಹಾಕಿಸಿ ಅಡಿಕೆ ಇಡೋಣ ಅನ್ನುತ್ತಾನೆ. ದುಡ್ಡು ಮೊದಲು ಎಲ್ಲಿಗೆ ಹಾಕಲಿ?

ಉತ್ತರ: ಬೋರಿಗೆ ಮಾತ್ರ ಬೇಡ. ನಾನೂ ಮೂರು ಕೊರೆಸಿದವನು. ಮೂರನೆಯದರಲ್ಲಿ ಬರೀ ಬಿಳಿ ಧೂಳು ಎದ್ದಿತು. ಅವತ್ತು ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮೊದಲ ದುಡ್ಡು ಬದುವಿಗೆ ಹೋಗಲಿ. ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಈಗಿನ ಮಳೆ ವಾರಗಟ್ಟಲೆ ಕಾಯಿಸಿ ಒಂದೇ ಸಂಜೆ ಸುರಿಯುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಎತ್ತಿಕೊಂಡು ಹೋಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿಸಿ, ಉಳುಮೆಯನ್ನೂ ಅಡ್ಡ ಮಾಡಿ. ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಸಿಕ್ಕರೆ ಬಿಡಬೇಡಿ.

ಆಮೇಲೆ ಕೃಷಿ ಹೊಂಡ. ಕೃಷಿ ಇಲಾಖೆಯಲ್ಲಿ ಸಹಾಯಧನ ಇದೆಯಾ ಕೇಳಿಕೊಂಡೇ ಅಗೆಸಿ. ಹತ್ತು ಮೀಟರ್ ಉದ್ದಗಲ, ಮೂರು ಮೀಟರ್ ಆಳ ಅಂದರೆ ಬಾಯಿಲೆಕ್ಕದಲ್ಲಿ 3 ಲಕ್ಷ ಲೀಟರ್. ಆದರೆ ಅಂಚು ಓರೆ ಬಿಡಲೇಬೇಕಲ್ವಾ, ಹಿಡಿಯುವುದು ಅದರ ಅರ್ಧ. ಒಂದು ಎಕರೆಗೆ ಒಂದೇ ಒಂದು ಸಲದ ನೀರು. ಇಷ್ಟೇನಾ ಅನ್ನಬೇಡಿ. ರಾಗಿ ತೆನೆ ಬಿಡುವಾಗ ಮಳೆ ಕೈಕೊಟ್ಟರೆ ಮನೆಯ ಹಿಟ್ಟು ಉಳಿಸುವುದು ಆ ಒಂದು ನೀರೇ. ಕೆಂಪು ಮಣ್ಣು ನೀರು ನಿಲ್ಲಿಸುವುದಿಲ್ಲ, ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ಸುತ್ತ ಬೇಲಿಯಂತೂ ಮರೆಯಬೇಡಿ. ಹಾಳೆ ಜಾರುತ್ತದೆ, ಬಿದ್ದ ಮಕ್ಕಳು ಹತ್ತಿ ಬರಲಾರರು.

ಬೀಜಕ್ಕೆ ಖರ್ಚು ಕಡಿಮೆ, ಯೋಚನೆ ಜಾಸ್ತಿ. ಮಳೆ ಹೊತ್ತಿಗೆ ಬಂದರೆ ಜಿಪಿಯು-28 ತಳಿಯ ರಾಗಿ. ತಡವಾದರೆ ಸುಮಾರು ನೂರು ದಿನಕ್ಕೆ ಕೊಯ್ಲಿಗೆ ಬರುವ ಜಿಪಿಯು-48. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಇಡಿ. ಅವರೆ, ಹುಚ್ಚೆಳ್ಳು ನಿಮ್ಮ ತಾಯಿ ಹಾಕುತ್ತಿದ್ದ ಹಾಗೇ ಅಕ್ಕಡಿಗೆ, ಅಂದರೆ ರಾಗಿ ನಡುವಿನ ಸಾಲಿಗೆ, ಇರಲಿ. ಮುಂಗಾರಿನ ರಾಗಿಗೆ ಫಸಲ್ ಬಿಮಾ ಅನ್ನುವ ಬೆಳೆ ವಿಮೆಯ ಕಂತು ವಿಮೆ ಮೊತ್ತದ ನೂರಕ್ಕೆ ಎರಡಕ್ಕಿಂತ ಜಾಸ್ತಿ ಬರುವುದಿಲ್ಲ, ಕಟ್ಟಿಬಿಡಿ.

ಮಿಕ್ಕಿದ್ದರಲ್ಲಿ ನಾಲ್ಕು ಕುರಿ ತನ್ನಿ. ಅಡಿಕೆ ಬಗ್ಗೆ ಮಗನ ಹತ್ತಿರ ವಾದ ಮಾಡಬೇಡಿ. ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ಹೊಡೆಸುತ್ತಿರುವ ತೋಟಕ್ಕೆ ಅವನನ್ನು ಕರೆದುಕೊಂಡು ಹೋಗಿ, ಒಂದು ಲೋಡಿಗೆ ಎಷ್ಟು ಅಂತ ಅವನೇ ಕೇಳಲಿ.